ಫ್ರಾನ್ಸಿನ ಮನಿಗಾಡಿ

ಈ ಮಾತನ್ನ ಅಸ್ಮಾ ಈಗೂ ದನಿ ಏರಿಸಿ ಹೇಳೂದಿಲ್ಲ. ಯಾರರೆ ಕೇಳಿದ್ರ ಮೊದಲು ಬಾಗಿಲ ಕಡೆ ನೋಡತಾಳ. ಬಾಗಿಲಾ ಮುಚ್ಚೈತಿ ಅಂತ ಖಾತ್ರಿ ಆದ ಮ್ಯಾಲೇ ಬಾಯಿ ಬಿಡತಾಳ. ನಮ್ಮ ಓಣ್ಯಾಗ ಕಡೇ ಮನಿ ಅಕೀದು. ಸುಳ್ಳು ಹೇಳೂ ಹೆಣ್ಮಗಳಲ್ಲ.

ಎರಡು ಸಾವಿರದ ಏಳನೇ ಇಸವಿ. ಮಳಿ ಹಿಂದ ಸರಿಯಾಕತ್ತಿತ್ತು. ಗೋವಾದ ಕಾಣಕೋಣದಾಗ ಸಮುದ್ರದ ದಂಡಿಗೆ ಒಂದು ಊಟದ ಹೋಟೆಲು. ಅಲ್ಲಿ ಪಾತ್ರಿ ತೊಳದು, ಕೈ ಒರಸಿಕೊಂಡು, ಅಸ್ಮಾ ರಾತ್ರಿ ಮನಿಗೆ ಹೊಂಟಿದ್ಲು. ಜೋಡಿ ಮುಮ್ತಾಜ ಇದ್ಲು. ಮುಮ್ತಾಜ ಅಂದ್ರ ಅಸ್ಮಾನ ಖಾಲಾನ ಮಗಳು, ಅವ್ವನ ತಂಗಿ ಮಗಳು. ಊರಾಗ ಕೆಲಸ ಇಲ್ಲದ ಕುಂತಾಳಂತ ಅಸ್ಮಾನ ಅಕಿನ್ನ ಗೋವಾಕ್ಕ ಕರಿಸಿದ್ಲು. ಹೋಟೆಲ್‌ನ್ಯಾಗ ಹಚ್ಚಿದ್ಲು. ತನ್ನ ಖೋಲ್ಯಾಗ, ತನ್ನ ಮಗ್ಗಲದಾಗ ಹಾಸಿಗಿ ಹಾಸಿ ಕೊಟ್ಟಿದ್ಲು.

ದಾರ್ಯಾಗ ಒಂದು ಹಳೇ ಬಾವಿ. ಬಾವಿ ಬಾಜೂಕ ಆಲದ ಮರ. ಮರದ ಕೆಳಗ ನೀಲಿ ತಾಡಪತ್ರಿ ಹೊಚ್ಚಿ ನಿಲ್ಲಿಸಿದ್ದ ಮನಿಗಾಡಿ.

ಮನಿಗಾಡಿ ಅಂತ ನಾವು ಅಂತಿದ್ವಿ. ಪಾಸ್ಕಲ್ ಅಂತ ಫ್ರಾನ್ಸ್ ದೇಶದಂವ ಒಬ್ಬ, ಅಲ್ಲಿಂದ ಇಲ್ಲೀತನಕ ಅದನ್ನ ರಸ್ತೆ ಮ್ಯಾಲ ಓಡಿಸಿಕೊಂಡ ಬಂದಿದ್ದ. ಒಳಗ ಹಾಸಿಗಿ, ಒಲಿ, ಟೇಬಲ್ಲು, ಪರದೆ ಹಾಕಿದ ಕಿಟಕಿ... ಒಂದು ಸಂಸಾರಕ್ಕ ಬೇಕಾದ್ದೆಲ್ಲಾ ಇತ್ತು. ಚಳಿಗಾಲ ಅದರಾಗ ಇದ್ದು, ಮಳಿಗಾಲಕ್ಕ ಗಾಡಿ ಇಲ್ಲೇ ಬಿಟ್ಟು ವಿಮಾನ ಹತ್ತಿ ಹೋಗತಿದ್ದ. ಕಾವಲು ಲೋಕಪ್ಪ ಮಾಮಾಂದು, ಆ ಜಾಗದ ಮಗ್ಗಲಕ್ಕ ಅಂವನ ಮನಿ. ಚಾವಿ ಮಾತ್ರ ಬಿಲಾಲನ ಕಡೆ. ಬಿಲಾಲ ಅಸ್ಮಾನ ಗಂಡ, ಡ್ರೈವರ್.

ಆವತ್ತು ಗಾಡಿ ಹತ್ರ ಬಂದಾಗ ಅಸ್ಮಾ ನಿಂತ್ಲು.

ಸರ್ರ್... ಸರ್ರ್... ಟಪ್.

ಚಾಕುವಿಂದ ಯಾವುದೋ ಹಣ್ಣಿನ ಸಿಪ್ಪಿ ತಗದಂಗ. ಉದ್ದಕ ಸಿಪ್ಪಿ ಬಿಡಿಸಿ, ಕಡೀಕ ಅದು ತಾಟಿನ್ಯಾಗ ಬಿದ್ದಂಗ.

ಸರ್ರ್... ಸರ್ರ್... ಟಪ್.

"ಕೇಳಿದೇನ?" ಅಂತ ಅಸ್ಮಾ ಪಿಸುಗುಟ್ಟಿದ್ಲು.

"ಏನು?"

"ಒಳಗ... ಯಾರೋ ಅದಾರ."

ಮುಮ್ತಾಜ ಅಕಿ ಕೈ ಹಿಡಕೊಂಡ್ಲು. "ಇಲಿ ಇರಬೇಕು ಆಪಾ. ನಡಿ, ನಡಿ. ನಾ ಇದ್ದೇನಲ್ಲ ನಿನ್ನ ಜೋಡಿ."

ಆ ಕೈ ಬೆಚ್ಚಗಿತ್ತಂತ. ಅದನ್ನ ಅಸ್ಮಾ ಈಗೂ ಹೇಳತಾಳ. ಗಾಡಿ ಒಳಗಿನ ಸಪ್ಪಳಕ್ಕಿಂತ ಆ ಬೆಚ್ಚಗಿನ ಕೈ ನೆನಸಿಕೊಂಡ್ರ ಅಕೀಗೆ ಹೆಚ್ಚು ನಡುಗು ಬರತೈತಿ.

ರಂಜಾನ್ ಹಬ್ಬ ಬಂತು, ಹೋತು. ಹಬ್ಬ ಮುಗದದ್ದೇ ತಡ, ಮುಮ್ತಾಜ ಊರಿಗೆ ಹೊಂಟ್ಲು. ಅವ್ವಗ ಆರಾಮಿಲ್ಲ ಅಂತ ಫೋನ್ ಬಂದೈತಿ ಅಂದ್ಲು. ಅಸ್ಮಾ ಬುತ್ತಿ ಕಟ್ಟಿ ಕೊಟ್ಲು. ಬಸ್ಸಿನ ತನಕ ಹೋಗಿ ಕಣ್ಣೀರು ಹಾಕಿದ್ಲು.

ಅದರ ಮರುದಿನ ಬಿಲಾಲ ಮನಿಗೆ ನಕ್ಕೋತ ಬಂದ.

"ಪಾಸ್ಕಲ್ ಸಾಯೇಬ ಬರೂ ಮೊದಲು ಗಾಡಿ ಒಂದು ದಿನ ಪೂರ್ತಿ ಓಡಿಸಬೇಕು. ಮಳಿಗಾಲ ಪೂರ್ತಿ ನಿಂತಲ್ಲೇ ನಿಂತು ಬ್ಯಾಟರಿ ಇಳದೈತಿ. ವಾಳಪೈ ತನಕ ಹೋಗಿ ಬರೋಣ. ನೀನೂ ಬಾ."

"ನಾನ?"

"ಮದುವ್ಯಾದಾಗಿಂದ ಎಲ್ಲಿಗೆ ಕರಕೊಂಡ ಹೋಗೇನಿ ನಿನ್ನ? ಬಾ. ರಾಣೀ ಹಂಗ ಕುಂತು ಬಾ."

ಅಸ್ಮಾಗ ರಾತ್ರಿ ನಿದ್ದಿ ಹತ್ತಲಿಲ್ಲ. ಅಂಜಿಕಿಂದ ಅಲ್ರಿ... ಖುಷಿಗೆ. ನಸಿಕಿನ್ಯಾಗ ಎದ್ದು ಚಪಾತಿ ಮಾಡಿದ್ಲು, ಬದನಿಕಾಯಿ ಪಲ್ಯ ಮಾಡಿದ್ಲು. ಒಂದು ಮಾತು ಮಾತ್ರ ಬಿಲಾಲ ಗಟ್ಟಿಯಾಗಿ ಹೇಳಿದ್ದ. ಯಾರಿಗೂ ಹೇಳಬ್ಯಾಡ. ಸಾಯೇಬರ ಗಾಡ್ಯಾಗ ಹೆಂಡತಿನ್ನ ತಿರಗಸ್ತಾನ ಅಂತ ಲೋಕಪ್ಪ ಮಾಮಾ ಬೈತಾನ. ಅಸ್ಮಾ ಹೇಳಲಿಲ್ಲ. ಗಂಡ ಒಂದು ಗುಟ್ಟು ಕೊಟ್ಟಾನಂದ್ರ ಅದೂ ಒಂದು ಸಿಂಗಾರನ ಆಗಿತ್ತು ಅಕೀಗೆ.

ಓಣಿ ಏಳೂ ಮೊದಲ ಹೊಂಟ್ರು. ಸ್ಟೇರಿಂಗ್ ಎಡಕ್ಕಿತ್ತು, ಆ ದೇಶದ ಗಾಡಿ ಅಲ್ಲೇನು? ಅಸ್ಮಾ ಮುಂದ ಕುಂದ್ರಾಕ ಹೋದ್ಲು. ಬಿಲಾಲ ಹಿಂದ ಕಳಿಸಿದ.

"ಪೊಲೀಸರು ನೋಡಿದ್ರ ನೂರು ಮಾತು ಕೇಳತಾರ. ಹಿಂದ ಮಲಕೋ." ತನಗೂ ಅಕೀಗೂ ನಡುವಿನ ದಪ್ಪ ಪರದೆ ಎಳದ. ಸರಕ್.

ಮಡಗಾಂವ ದಾಟಿತು. ಫೋಂಡಾ ದಾಟಿತು. ಅಸ್ಮಾ ಕಿಟಕಿ ಪರದೆ ಸ್ವಲ್ಪ ಸರಿಸಿ ನೋಡಿಕೋತ ಕುಂತಿದ್ಲು. ಬಿಸಿಲು ಚಲೋ ಬಿದ್ದಿತ್ತು. ಗದ್ದಿ ಹಳದಿಗೆ ತಿರಗಿದ್ವು. ಒಲಿ ಮುಟ್ಟಿ ನೋಡಿದ್ಲು, ಹಾಸಿಗಿ ಮುಟ್ಟಿ ನೋಡಿದ್ಲು. ಇಂಥಾದ್ದೊಂದು ನಮಗೂ ಇದ್ದಿದ್ರ... ಅಂತ ಅನಕೊಂಡ್ಲು. ಹಂಗ ಸ್ವಲ್ಪ ಜೊಂಪು ಹತ್ತಿತು.

ಎಚ್ಚರಾದದ್ದು ಮಳಿ ಸಪ್ಪಳಕ್ಕ.

ತಗಡಿನ ಮ್ಯಾಲ ಸಣ್ಣ ಮಳಿ. ಟಿಪಿ... ಟಿಪಿ... ಟಿಪಿ... ನಮ್ಮ ಕಡೆ ಮಳಿ ಹಂಗ ಬೀಳೂದಿಲ್ಲ. ಜೋರಿಲ್ಲ, ಗಾಳಿ ಇಲ್ಲ. ಸುಮ್ಮನ ತೊಟ್ಟಿಕ್ಕೂ ಮಳಿ. ಮತ್ತ ಥಂಡಿ... ಮೈಯೆಲ್ಲಾ ಸೆಟೆಯೂವಂಥಾ ಥಂಡಿ.

ಅಸ್ಮಾ ಕಿಟಕಿ ಪರದೆ ಸರಿಸಿದ್ಲು.

ಗುಡ್ಡ ಇದ್ದಿಲ್ಲ. ತೆಂಗು ಇದ್ದಿಲ್ಲ. ಕಣ್ಣು ಹಾಯೂತನಕ ಮಟ್ಟಸ ಹೊಲ, ಬೂದಿ ಬಣ್ಣದ ಮಣ್ಣು, ಈಗ ರಂಟಿ ಹೊಡದಂಗ, ಹಸಿ ಹಸಿ. ಹೊಲದ ದಂಡಿಗೆ ಬಿಳಿ ಗಡ್ಡಿಗಳ ರಾಶಿ, ಮೂಲಂಗಿಗಿಂತ ದಪ್ಪ ದಪ್ಪನ್ನವು, ಒಂದು ಮನಿಯಷ್ಟು ಎತ್ತರ. ರಸ್ತೆಗುಂಟ ಸಾಲಾಗಿ ನೆಟ್ಟ ಎತ್ತರದ ಗಿಡ, ಎಲ್ಲಾದರ ಎಲಿನೂ ಹಳದಿ, ಒಂದೊಂದ ಉದುರಾಕತ್ತಿದ್ವು. ಮಂಜಿನ್ಯಾಗ ಇಟ್ಟಂಗಿ ಮನಿಗಳು, ಇಟ್ಟಂಗಿ ಇಗರ್ಜಿ, ಅದರ ಮ್ಯಾಲ ಚೂಪನ್ನ ತುದಿ. ಢಣ್... ಅಂತ ಒಂದ ಸಲ ಗಂಟಿ ಬಾರಿಸಿತು. ಮನುಷ್ಯರ ಸುಳಿವಿಲ್ಲ. ಮುಂದ ಒಂದು ಹುಲ್ಲುಗಾವಲು, ಅದರ ತುಂಬ ಬಿಳೀ ಕಲ್ಲುಗಳು, ಸಾಲು ಸಾಲು... ಕಬರಸ್ತಾನ ಅಂತ ಗೊತ್ತಾತು ಅಕೀಗೆ. ಅಷ್ಟು ದೊಡ್ಡ ಕಬರಸ್ತಾನ ಅಕಿ ಕಂಡಿದ್ದಿಲ್ಲ.

ಎದುರಿಗೆ ಒಂದು ಲಾರಿ ಬಂತು. ಅದು ನಮ್ಮ ಕಡೆ ಹಾದಂಗ ಬಲಕ್ಕ ಹಾಯಲಿಲ್ಲ. ಎಡಕ್ಕ ಹಾದು ಹೋತು.

ಸರ್ರ್... ಸರ್ರ್... ಟಪ್.

ಅಸ್ಮಾ ಹೊಳ್ಳಿ ನೋಡಿದ್ಲು.

ಟೇಬಲ್ಲಿನ ಆ ಕಡೆ ಒಬ್ಬ ಹೆಂಗಸು ಕುಂತಿದ್ಲು. ವಯಸ್ಸಾದಕಿ, ಬಿಳಿ ಮ್ಯಾಡಂ. ನರತ ಕೂದಲಾ ಕಿವೀತನಕ ಕತ್ತರಿಸಿದ್ಲು. ನೀಲಿ ಪಟ್ಟಿ ಏಪ್ರನ್. ಕೈಯಾಗ ಸೇಬು. ತಾಟಿನ್ಯಾಗ ಸಿಪ್ಪಿ. ಬೆರಳೆಲ್ಲಾ ಒದ್ದಿ. ಅಕಿ ಅಸ್ಮಾನ ಕಡೆ ನೋಡಲಿಲ್ಲ. ಡ್ರೈವರಿನ ಪರದೆ ಕಡೆ ನೋಡಿಕೋತ ಮೆಲ್ಲಕ ಏನೋ ಕೇಳಿದ್ಲು. ಆ ಕಡಿಂದ ಉತ್ತರ ಬರಲಿಲ್ಲ. ಮತ್ತ ಕೇಳಿದ್ಲು. ಮತ್ತ ಇಲ್ಲ. ಗಂಡಗ ಏನರೆ ಕೇಳಿ ಉತ್ತರ ಸಿಗದಿದ್ದಾಗ ಹೆಂಗಸರು ಹ್ಯಾಂಗ ಸುಮ್ಮನ ನಗತಾರಲ್ರಿ... ಹಂಗ ನಕ್ಕು, ಮತ್ತ ಸಿಪ್ಪಿ ತಗಿಯಾಕ ಹತ್ತಿದ್ಲು.

ಅಸ್ಮಾ ಹಾಸಿಗಿ ಮೂಲಿಗೆ ಸರದ್ಲು. ಒದರಬೇಕಂದ್ರ ದನಿ ಇಲ್ಲ.

ಗಾಡಿ ನಿಂತಿತು. ಪರದೆ ಆ ಕಡಿಂದ ಒಂದು ಗಂಡಸಿನ ದನಿ, ಬಿಲಾಲಂದಲ್ಲ, ಎರಡ ಮಾತು ಅಂತು. ಹೆಂಗಸು ಕೈ ಒರಸಿಕೊಂಡ್ಲು. ತಗಡಿನ ಕ್ಯಾನ್ ತಗೊಂಡ್ಲು. ಬಾಗಿಲಾ ತಗದು ಮಳ್ಯಾಗ ಇಳದ್ಲು.

ಖಟ್.

ಗಾಡಿ ಹೊಂಟೇಬಿಟ್ಟಿತು.

ಅಸ್ಮಾ ಹಿಂದಿನ ಕಿಟಕಿಗೆ ಓಡಿದ್ಲು. ಆ ಹೆಂಗಸು ರಸ್ತೆ ನಡುವ ಓಡಿ ಬರಾಕತ್ತಿದ್ಲು. ಮೊದಲು ನಕ್ಕೋತ... ಚಾಷ್ಟಿ ಮಾಡಾಕತ್ತಾನ ಅಂತ ತಿಳದಿದ್ಲೋ ಏನೋ. ಆಮ್ಯಾಲೆ ನಗು ಹೋತು. ಕ್ಯಾನ್ ಕೈಜಾರಿ ಬಿತ್ತು. ಠಣ್... ಠಣ್... ಠಣ್... ಉರುಳಿತು. ಹಳದಿ ಗಿಡಗಳ ನಡುವ ಅಕಿ ಸಣ್ಣಾಗಕೋತ, ಸಣ್ಣಾಗಕೋತ ಹೋದ್ಲು.

ಆಗ ಅಸ್ಮಾಗ ದನಿ ಬಂತು. ಪರದೆ ಹರದಂಗ ಎಳದ್ಲು.

"ನಿಲ್ಲಸ್ರಿ! ಅಕಿನ್ನ ಬಿಟ್ಟು ಹೊಂಟೀರಿ! ಹೆಂಗಸಿನ್ನ ದಾರ್ಯಾಗ ಬಿಟ್ಟು ಹೊಂಟೀರಿ!"

ಬ್ರೇಕು ಬಿತ್ತು. ಬಿಲಾಲ ಹೊಳ್ಳಿದ. ಮುಖದಾಗ ರಕ್ತ ಇದ್ದಿಲ್ಲ.

"ಯಾರು ಹೇಳಿದ್ರು ನಿನಗ?" ಅಂದ.

ನೋಡ್ರಿ, ಏನಾತು ಅನ್ನಲಿಲ್ಲ. ಯಾವ ಹೆಂಗಸು ಅಂತ ಕೇಳಲಿಲ್ಲ. ಯಾರು ಹೇಳಿದ್ರು ಅಂದ.

ಅಸ್ಮಾ ಹೊರಗ ನೋಡಿದ್ಲು. ಬಿಸಿಲು. ಕಾಡು. ಜೀರುಂಡಿ ಸಪ್ಪಳ. ವಾಳಪೈ ಆಗಲೇ ಹಿಂದ ಉಳದಿತ್ತು.

"ಕನಸು ಬಿದ್ದಿರಬೇಕು," ಅಂದ್ಲು ಅಕಿ.

"ಹೌದು, ಕನಸು." ಬಿಲಾಲ ಬೆವರು ಒರಸಿಕೊಂಡ. ಇನ್ನೂ ಒಂದಿಷ್ಟು ದೂರ ಓಡಿಸಿದ. ಮನಿ ಮಠ ಏನೂ ಇಲ್ಲದ ಕಡೆ ನಿಲ್ಲಿಸಿದ. "ಇಂಜಿನ್ ಕಾದೈತಿ. ಇಲ್ಲೇ ಕೆಳಗ ಝರಿ ಐತಿ. ನೀರು ತಗೊಂಡ ಬಾ."

ಕ್ಯಾನ್ ಚಾಚಿದ.

ಅಸ್ಮಾ ತಗೊಂಡ್ಲು. ಗಂಡ ಹೇಳ್ಯಾನ, ಹೋಗಬೇಕು. ಬಾಗಿಲಾ ತಗದ್ಲು. ಒಂದು ಕಾಲು ಮೆಟ್ಟಲ ಮ್ಯಾಲ ಇಟ್ಲು...

ಹಿಂದಿಂದ ಯಾರೋ ಅಕಿ ಮುಂಗೈ ಹಿಡದ್ರು. ಒದ್ದಿ ಕೈ. ಸೇಬಿನ ವಾಸನಿ.

"ರೆಸ್ತ್," ಅಂತು ಕಿವಿ ಹತ್ರ ಒಂದು ದನಿ. "ರೆಸ್ತ್... ರೆಸ್ತ್..."

ರಸ್ತಾ ಅನ್ನಾಕತ್ತಾಳ ಅಂತ ತಿಳಕೊಂಡ್ಲು ಅಸ್ಮಾ. ರಸ್ತೆ ಕೇಳಾಕತ್ತಾಳ ಪಾಪ, ಮನಿಗೆ ಹೋಗೂ ರಸ್ತೆ. ಹೊಳ್ಳಿ ನೋಡಿದ್ಲು. ಯಾರೂ ಇಲ್ಲ. ಮುಂಗೈ ಮಾತ್ರ ಒದ್ದಿ ಆಗಿತ್ತು.

ಅಕಿ ಮೆಟ್ಟಲ ಮ್ಯಾಲಿನ ಕಾಲು ಒಳಗ ಎಳಕೊಂಡ್ಲು. ಬಾಗಿಲಾ ಹಾಕಿ ಕುಂತ್ಲು.

"ಅಸ್ಮಾ?"

"ನಾ ಇಳಿಯಂಗಿಲ್ರಿ."

"ಯಾಕ?"

"ಇಳಿಯಂಗಿಲ್ಲ."

ಮೊದಲು ಬಿಲಾಲ ನಕ್ಕ. ಆಮ್ಯಾಲೆ ರಮಿಸಿದ. ಆಮ್ಯಾಲೆ ಬೈದ. ಕಡೀಕ ಇಳದು, ಸುತ್ತಿ ಬಂದು, ಹೊರಗಿಂದ ಬಾಗಿಲಾ ಜಗ್ಗಿದ. ಕಟಕಟ... ಕಟಕಟ... ಬರಲಿಲ್ಲ.

"ಚಿಲಕಾ ತಗಿ!"

"ನಾ ಚಿಲಕಾ ಹಾಕಿಲ್ರಿ..."

ಕಿಟಕಿ ಗಾಜಿಗೆ ಮುಖ ಹಚ್ಚಿ ಒಳಗ ನೋಡಿದ. ಅಸ್ಮಾನ ನೋಡಿದ. ಆಮ್ಯಾಲೆ ಅಸ್ಮಾನ ಹೆಗಲ ಹಿಂದ ನೋಡಿದ. ಹಿಂದಕ್ಕ, ಹಿಂದಕ್ಕ ಹೆಜ್ಜಿ ಇಟ್ಟು ರಸ್ತೆಗೆ ಹೋದ.

ಆ ಹೊತ್ತಿಗೆ ಸೀಟಿನ ಕೆಳಗಿನ ಪೆಟ್ಟಿಗಿ ಮುಚ್ಚಳಾ ಖಟಕ್ ಅಂತು. ತಾನ ತೆರಕೊಂಡಿತು. ಒಳಗ ಒಂದು ಚೀಲ.

ಅಸ್ಮಾ ಬಿಚ್ಚಿ ನೋಡಿದ್ಲು. ತನ್ನ ಸೀರಿ. ತನ್ನ ಲಂಗ. ತನ್ನ ಬೆಳ್ಳಿ ಕಾಲುಚೈನ. ಮದುವಿ ಸೀರಿ ಮಡಚಿ ಎಲ್ಲಾದಕ್ಕಿಂತ ಕೆಳಗ ಇಟ್ಟಿತ್ತು. ಮನ್ಯಾಗ ಟ್ರಂಕಿನ್ಯಾಗ ಇರಬೇಕಾದ ಸಾಮಾನು. ಅಕಿ ಒಂದು ದಿನದ ತಿರಗಾಟಕ್ಕಂತ ಬಂದಾಕಿ, ಉಟ್ಟ ಬಟ್ಟಿ ಬಿಟ್ರ ಬ್ಯಾರೆ ಏನೂ ತಂದಿದ್ದಿಲ್ಲ.

ಇವನ್ನ ಕಟ್ಟಿದವರು ಯಾರು... ಯಾಕ ಕಟ್ಟಿದ್ರು...

ಅಕಿ ಸಾಲಿ ಕಲ್ತಾಕಿ ಅಲ್ಲ. ಆದ್ರ ಹೆಂಗಸಿನ ಬಟ್ಟಿ ಮನ್ಯಾಗ ಇಲ್ಲದಿದ್ರ ಓಣಿಯವರು ಏನಂತಾರ ಅನ್ನೂದು ಗೊತ್ತಿತ್ತು. ಬಟ್ಟಿ ಕಟಗೊಂಡು ಯಾರ ಜೋಡಿನೋ ಓಡಿ ಹೋದ್ಲು ಅಂತಾರ. ಬಿಲಾಲ ತಲಿ ಮ್ಯಾಲ ಕೈ ಹೊತ್ತು ಕುಂತ್ರ ಎಲ್ಲಾರೂ ಅಂವನ ಕಡೇನ ಮರುಗತಾರ. ನಸಿಕಿನ್ಯಾಗ ಯಾಕ ಹೊಂಟ್ರು, ಪರದೆ ಯಾಕ ಎಳದ, ಯಾರೂ ಇಲ್ಲದ ಕಡೆ ಯಾಕ ಇಳಿಸಾಕ ನೋಡಿದ... ಒಂದೊಂದ ತಾವಾಗೇ ಬಂದು ಮುಂದ ನಿಂತ್ವು.

ಕಿಟಕಿ ಸರಿಸಿ ಕೇಳಿದ್ಲು. "ರೀ... ಈ ಚೀಲ ಯಾಕ್ರಿ ಇಲ್ಲೆ?"

ಬಿಲಾಲ ನೆಲ ನೋಡಿದ. ಗಾಡಿ ಹತ್ತಿ, ಹೊಳ್ಳಿಸಿ, ವಾಳಪೈ ಕಡೆ ಬಿಟ್ಟ. ಅಸ್ಮಾ ಚೀಲ ತೊಡೀ ಮ್ಯಾಲ ಇಟಗೊಂಡು ಕುಂತ್ಲು. ಅಳು ಬರಲಿಲ್ಲ. ಬರತೈತಿ ಅಂತ ಕಾದ್ಲು, ಬರಲಿಲ್ಲ.

ವಾಳಪೈ ಬಸ್‌ಸ್ಟ್ಯಾಂಡ್ ಬಂತು. ಬಿಲಾಲ ಅಲ್ಲಿ ವೇಗ ಜಾಸ್ತಿ ಮಾಡಿದ. ಆದ್ರ ಗಾಡಿ ಕೊಯ್ಯ್ ಅಂತ ಒಂದು ಸಲ ನರಳಿತು, ಬಸ್‌ಸ್ಟ್ಯಾಂಡಿನ ಎದುರಿಗೇ ತಾನ ನಿಂತಿತು. ಚಾವಿ ತಿರುವಿದ. ತಿರುವಿದ. ಇಂಜಿನ್ ಕೆಮ್ಮಲೂ ಇಲ್ಲ.

ಹೊರಗ ಓಡಿ ಬರೂ ಹೆಜ್ಜಿ ಸಪ್ಪಳ. ಚಪ್ಪಲ್ ಚಟಪಟ ಚಟಪಟ.

ಅಷ್ಟೊತ್ತೂ ಜಗ್ಗಿದ್ರ ಬರದಿದ್ದ ಬಾಗಿಲಾ, ಹೊರಗಿಂದ ಕೈ ಹಚ್ಚಿದ್ದೇ ತಡ, ಹೂ ಅರಳಿದಂಗ ತೆರೀತು.

ಮುಮ್ತಾಜ. ಊರಾಗ ಅವ್ವನ ಮಗ್ಗಲದಾಗ ಇರಬೇಕಾದಾಕಿ. ಹಬ್ಬಕ್ಕ ಅಸ್ಮಾನ ಕೊಡಸಿದ್ದ ಸೀರಿ ಉಟಗೊಂಡಿದ್ಲು. ಬಿಸಿಲಾಗಿಂದ ಬಂದಾಕಿಗೆ ಒಳಗಿನ ಕತ್ತಲಿ ಕಾಣಲಿಲ್ಲ. ಮೆಟ್ಟಲ ಹತ್ತಿಕೋತ, ಮುಂದಿನ ಸೀಟಿನ ಕಡೆ ನೋಡಿ, ಉಸರು ಬಿಟ್ಟು ಕೇಳಿದ್ಲು.

"ಕೆಲಸ ಆತೇನ್ರಿ?"

ಅಲ್ಲೀತನಕ ಅಂವಗ ಭಾಯಿ ಅಂತಿದ್ಲು ಅಕಿ.

"ಇಲ್ಲ ಮುಮ್ತಾಜ," ಅಂದ್ಲು ಅಸ್ಮಾ. "ಆಗಲಿಲ್ಲ."

ಮುಮ್ತಾಜನ ಒಂದು ಕಾಲು ಮ್ಯಾಲ, ಒಂದು ಕಾಲು ಕೆಳಗ. ಅಲ್ಲೇ ಕಲ್ಲಾದ್ಲು.

"ಆಪಾ... ನಾ..."

"ಆಚೀ ಕಡೆ ಸರಿ. ನಾ ಇಳೀಬೇಕು."

ಬೈಲಿಲ್ಲ. ಬಡಿಲಿಲ್ಲ. ಯಾಕ ಬಡಿಲಿಲ್ಲ ಅಂತ ನಮ್ಮ ಓಣಿ ಹೆಂಗಸರು ಈಗೂ ಕೇಳತಾರ. ಕೈ ಎತ್ತಾಕ ಬರಲಿಲ್ಲವ್ವಾ, ಆ ಕೈ ಇನ್ನೂ ಒದ್ದಿ ಇತ್ತು, ಅಂತಾಳ. ಚೀಲ ಹಿಡಕೊಂಡು ಇಳದ್ಲು. ಮಡಗಾಂವಕ್ಕ ಹೋಗೂ ಬಸ್ಸು ನಿಂತಿತ್ತು. ಹತ್ತಿ ಕುಂತ್ಲು. ಬಸ್ಸು ಬಿಟ್ಟಾಗ ಒಂದೇ ಸಲ ನೋಡಿದ್ಲು. ಬಿಲಾಲ, ಮುಮ್ತಾಜ ಇಬ್ಬರೂ ಮುಂದಿನ ಸೀಟಿನ್ಯಾಗ ಕುಂತಿದ್ರು, ಒಬ್ಬರ ಮುಖ ಒಬ್ಬರು ನೋಡದ. ಹಿಂದಿನ ಕಿಟಕಿ ಪರದೆಯನ್ನ ಒಂದು ಕೈ ಸರಿಸಿ ಹಿಡದಿತ್ತು. ನರತ ತಲಿ ಒಂದು ಅಸ್ಮಾನ ಬಸ್ಸಿನ ಕಡೆ ನೋಡಾಕತ್ತಿತ್ತು.

ಹೊತ್ತು ಮುಳುಗೂದರಾಗ ಅಸ್ಮಾ ಓಣಿಗೆ ಬಂದ್ಲು. ಮನಿಗೆ ಹೋಗಲಿಲ್ಲ. ಓಣಿ ನಡುವ ಕುಂತು, ಎಲ್ಲಾರ ಮುಂದ ಚೀಲ ಬಿಚ್ಚಿ ತೋರಿಸಿ, ಆದದ್ದು ಆದಂಗ ಹೇಳಿದ್ಲು. ಆಗ ಬಂತು ನೋಡ್ರಿ ಅಳು.

ಬಿಲಾಲ ಬರಲಿಲ್ಲ. ರಾತ್ರಿ ಯಾವಾಗೋ ಗಾಡಿ ಆಲದ ಮರದ ಕೆಳಗ ತಂದು ಬಿಟ್ಟು, ಚಾವಿ ಅದರಾಗೇ ಬಿಟ್ಟು, ಓಡಿ ಹೋಗಿದ್ದ. ಸಾಂಗೆ ಅನ್ನೂ ಊರ ಕಡೆ ಇಬ್ಬರೂ ಇದ್ರು ಅಂತ ಮುಂದ ಯಾರೋ ಹೇಳಿದ್ರು. ಸೇಬು ಕಂಡ್ರ ಅಂವ ಎದ್ದು ಹೋಗತಿದ್ನಂತ. ಅದು ಖರೇನೋ ಸುಳ್ಳೋ, ನೋಡಿದವರಿಲ್ಲ.

ಚಳಿಗಾಲ ಹತ್ತಿದ ಮ್ಯಾಲ ಪಾಸ್ಕಲ್ ಬಂದ. ಅಸ್ಮಾ ಲೋಕಪ್ಪ ಮಾಮಾನ ಕರಕೊಂಡು ಹೋಗಿ, ಹರುಕು ಮುರುಕು ಹಿಂದ್ಯಾಗ ಒಂದೇ ಮಾತು ಕೇಳಿದ್ಲು. "ಸಾಯೇಬ, ರೆಸ್ತ್ ಅಂದ್ರ ನಿಮ್ಮ ಭಾಷೆದಾಗ ರಸ್ತಾ ಏನು?"

"ಅಲ್ಲ," ಅಂದ ಅಂವ. "ಇರು ಅಂತ. ಹೋಗಬ್ಯಾಡ, ಇಲ್ಲೇ ಇರು."

ಅಸ್ಮಾ ತನ್ನ ಮುಂಗೈ ನೋಡಿಕೊಂಡ್ಲು. ಆಮ್ಯಾಲೆ ತಾ ಕಂಡದ್ದು ಹೇಳಿದ್ಲು. ಬಿಳಿ ಗಡ್ಡಿ ರಾಶಿ, ಹಳದಿ ಗಿಡದ ಸಾಲು, ಇಟ್ಟಂಗಿ ಇಗರ್ಜಿ, ಬಿಳೀ ಕಲ್ಲಿನ ಕಬರಸ್ತಾನ. ಪಾಸ್ಕಲ್ ಸಿಗರೇಟು ಹಚ್ಚೂದು ಮರತು ಕುಂತ. ಅದು ತಮ್ಮ ದೇಶದ ಉತ್ತರದ ಸೀಮಿ, ಅಕ್ಟೋಬರ್ ತಿಂಗಳದಾಗ ಹಂಗೇ ಇರತೈತಿ ಅಂದ. ಈ ಗಾಡಿ ತಾ ಹೊಸಾದು ಕೊಂಡದ್ದಲ್ಲ, ಅಲ್ಲೇ ಒಬ್ಬ ಮುದುಕನ ಕಡಿಂದ ತಗೊಂಡದ್ದು ಅಂದ.

"ಆ ಮುದುಕಗ ಹೆಂಡತಿ ಇದ್ಲೇನು?"

"ಇದ್ಲಂತ. ಬಟ್ಟಿ ಕಟಗೊಂಡು ಯಾರ ಜೋಡಿನೋ ಓಡಿ ಹೋದ್ಲು ಅಂತ ಹೇಳಿದ್ದ."

ಲೋಕಪ್ಪ ಮಾಮಾ ಎದ್ದು ಬಾವಿ ಕಡೆ ಹೋಗಿ ಮುಖ ತೊಳಕೊಂಡ. ಪಾಸ್ಕಲ್ ಆ ವರ್ಷ ಗಾಡ್ಯಾಗ ಮಲಗಲಿಲ್ಲ, ಖೋಲಿ ಹಿಡದ. ಮುಂದಿನ ವರ್ಷ ಗಾಡಿನೂ ಇಲ್ಲ, ಅಂವನೂ ಇಲ್ಲ.

ನೀವು ನಂಬೂದಿಲ್ಲ, ಗೊತ್ತೈತಿ. ಜೊಂಪಿನ್ಯಾಗ ಕನಸು ಕಂಡಾಳ ಅಂತೀರಿ. ಅನ್ರಿ. ಆದ್ರ ಬಿಲಾಲ ಓಡಿ ಹೋದ ಮರುದಿನ ಮುಂಜಾನೆ ಲೋಕಪ್ಪ ಮಾಮಾ ಆ ಗಾಡಿ ತೊಳದ. ಇನ್ನೂ ಗಟ್ಟಿ ಅದಾನ, ಹೋಗಿ ಕೇಳ್ರಿ. ಗೋವಾದಾಗ ಎಲ್ಲಿ ಕಾಲಿಟ್ರೂ ಮಣ್ಣು ಕೆಂಪು, ಹೌದಲ್ಲೋ? ನಾಲ್ಕೂ ಚಕ್ರದ ಸಂದ್ಯಾಗ ಮೆತ್ತಿಕೊಂಡದ್ದನ್ನ ಅಂವ ಕಸ ತಗಿಯೂ ಕುರ್ಚಿಗಿಲೆ ಕೆತ್ತಿ ಕೆತ್ತಿ ತಗದ. ಜಿಗುಟು ಮಣ್ಣು. ಬೂದಿ ಬಣ್ಣದ್ದು. ಇನ್ನೂ ಹಸಿ ಇತ್ತು.